ಅಳದ ಮಗುವಿನ ಎದೆಬಡಿತ

ಮಕ್ಕಳು ಅಳುವುದನ್ನು ನೋಡಿ ಬರೆದಿಡುವುದೇ ನನ್ನ ಕೆಲಸ. ಕೇಳಿದವರು ಮುಖ ಕಿವುಚುತ್ತಾರೆ; ಕಿವುಚಲಿ. ನಮ್ಮ ಸಂಶೋಧನಾ ಕೇಂದ್ರದ ಆಟಿಕೆ ತುಂಬಿದ ಕೋಣೆಯಲ್ಲಿ ಮಗುವನ್ನು ಬಿಟ್ಟು ತಾಯಿ ಮೂರು ನಿಮಿಷ ಹೊರಗೆ ಹೋಗುತ್ತಾಳೆ. ಅವಳು ಹೋದಾಗ ಮಗು ಏನು ಮಾಡಿತು ಅನ್ನುವುದಕ್ಕಿಂತ ಬಂದಾಗ ಏನು ಮಾಡಿತು ಅನ್ನುವುದು ನಮಗೆ ಮುಖ್ಯ. ಓಡಿ ಬಂದು ತಬ್ಬಿಕೊಂಡು, ಒಂದಿಷ್ಟು ಬಿಕ್ಕಿ, ಮತ್ತೆ ಆಟಕ್ಕೆ ಹೋದರೆ ಚಿಂತೆಯಿಲ್ಲ. ತಾಯಿ ಬಂದರೂ ತಲೆಯನ್ನೇ ಎತ್ತದ ಮಕ್ಕಳೂ ಇರುತ್ತವೆ; ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತವು. ಈ ವರ್ಷ ಅಂಥ ಹನ್ನೊಂದು ಮಕ್ಕಳನ್ನು ಕಂಡಿದ್ದೆ, ಅವರ ತಾಯಂದಿರನ್ನು ಮನಸ್ಸಿನಲ್ಲೇ ಬೈದಿದ್ದೆ.

ಇಡೀ ದಿನ ಅಳು ಕೇಳಿದವಳಿಗೆ ಮನೆಯಲ್ಲೂ ಅದೇ ಬೇಕೆ? ನನ್ನ ಮಗಳು, ಇಪ್ಪತ್ತು ತಿಂಗಳ ಗುಂಡಮ್ಮ, ರಾಗ ತೆಗೆದರೆ ಸಾಕು, ನಾನು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಸದ್ದು ನಿಂತ ಮೇಲೆ ಬಂದು, "ಅತ್ತಿಲ್ಲ ತಾನೆ? ಜಾಣೆ!" ಅನ್ನುತ್ತಿದ್ದೆ. ಎರಡೇ ತಿಂಗಳಲ್ಲಿ ಅಳು ನಿಂತುಹೋಯಿತು. "ನಮ್ಮ ಮಗು ಮನೇಲಿದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ" ಎಂದು ಅತ್ತೆ ಪಕ್ಕದ ಮನೆಯವರ ಮುಂದೆ ಹೊಗಳಿದಾಗ ಉಬ್ಬಿಹೋಗುತ್ತಿದ್ದೆ.

ಮಗುವಿನ ಎದೆಗೆ ಕಟ್ಟಿ ಬಡಿತ ಅಳೆಯುವ ಹೊಸ ಪಟ್ಟಿಗಳು ಮೊನ್ನೆ ಬಂದವು. ಪರೀಕ್ಷೆಗೊಂದು ಮಗು ಬೇಕಿತ್ತು. ನಮ್ಮವಳು ರಗಳೆ ಮಾಡುವುದಿಲ್ಲ ಎಂದು ಜಂಬದಿಂದ ಅವಳನ್ನೇ ಕರೆತಂದೆ. ಪಟ್ಟಿ ಕಟ್ಟಿ, ಮೂರು ನಿಮಿಷ ಹೊರಗಿದ್ದು ಒಳಗೆ ಬಂದೆ. ಗುಂಡಮ್ಮ ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ತಿರುಗಿ ನೋಡಲಿಲ್ಲ.

ಪಕ್ಕದ ಕೋಣೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಹಿರಿಯರಿದ್ದಾರೆ. ನಾವೆಲ್ಲ ಅಣ್ಣ ಅನ್ನುತ್ತೇವೆ. ಅವರು ಪರದೆ ತೋರಿಸಿದರು.

"ಈ ಪಟ್ಟಿ ಕೆಟ್ಟಿದೆ ಕಣಮ್ಮ. ನೀನು ಹೋದ ಕೂಡ್ಲೇ ಬಡಿತ ಏರಿದೆ, ಬಂದ್ಮೇಲೂ ಇಳಿದಿಲ್ಲ. ನಾನು ಮೂರು ಮಹಡಿ ಹತ್ತಿದ್ರೂ ಇಷ್ಟು ಹೊಡ್ಕೊಳ್ಳಲ್ಲ! ಮಗು ನೋಡಿದ್ರೆ ಆರಾಮಾಗಿ ಆಡ್ತಿದೆ. ವಾಪಸ್ ಕಳಿಸ್ಲಾ?"

"ಕಳಿಸಿಬಿಡಿ" ಅಂದೆ. ನಾಲಿಗೆ ನನಗಿಂತ ಮುಂಚೆ ಓಡಿತ್ತು.

ಅವರು ಕಾಗದದಲ್ಲಿ 'ಕೆಟ್ಟಿದೆ' ಎಂದು ಬರೆದು ನನ್ನ ಸಹಿಗೆ ಮುಂದೆ ತಳ್ಳಿದರು. ಪೆನ್ನು ಹಿಡಿದೆ. ಒಂದು ಗೀಚು ಗೀಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನೂ ಜಾಣೆಯ ತಾಯಿಯಾಗಿಯೇ ಉಳಿಯಬಹುದು. ಆದರೆ ಆ ಹನ್ನೊಂದು ಮಕ್ಕಳು ಕಣ್ಣ ಮುಂದೆ ಬಂದು ನಿಂತವು. ಪೆನ್ನು ಕೆಳಗಿಟ್ಟೆ.

"ಒಂದ್ನಿಮಿಷ ಅಣ್ಣಾ."

ಕೋಣೆಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ. ಪಟ್ಟಿ ಬಿಚ್ಚಿ ಬದಿಗಿಟ್ಟು, ಆ ಪುಟ್ಟ ಎದೆಯ ಮೇಲೆ ಅಂಗೈ ಇಟ್ಟೆ. ಕೈಯಲ್ಲಿ ಹಿಡಿದ ಹಕ್ಕಿಮರಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ.

"ಪಟ್ಟಿ ಸರಿಯಾಗಿದೆ ಅಣ್ಣಾ" ಎಂದು ಕೂಗಿದೆ. ಕಣ್ಣೀರು ಇಳಿಯಿತು.

ಗುಂಡಮ್ಮ ಆಗ ತಲೆ ಎತ್ತಿದಳು. ಒದ್ದೆಯಾದ ನನ್ನ ಮುಖವನ್ನು ನೋಡಿದಳು, ಬಾಗಿಲನ್ನು ನೋಡಿದಳು. ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ಕೆಳಗಿಟ್ಟಳು.

"ಅತ್ತಿಲ್ಲ" ಅಂದಳು. ಆಮೇಲೆ, ನಾನು 'ಜಾಣೆ' ಅನ್ನುವುದನ್ನೇ ಕಾಯುತ್ತಾ ಕೂತಳು.