ಕಾಂಗೋ ಕಾಗದ, ಜಕ್ಕೂರು ತೂಬು

೧
ರಾಗಿ ಜರಡಿ ಆಡಿಸುತ್ತಿದ್ದೇನೆ, ಇನ್ನೂ ಅರ್ಧ ಚೀಲ ಇದೆ. ಕಥೆ ಎಲ್ಲಿಂದ ಶುರು ಮಾಡಲಿ, ಓದುಗರೇ? ಕಾಂಗೋ ದೇಶದಿಂದಲೋ, ನಮ್ಮ ಕೆರೆಯ ತೂಬಿನಿಂದಲೋ? (ಕಾಂಗೋ ಅಂದಕೂಡಲೇ ನನ್ನನ್ನು ದೊಡ್ಡ ರೈಟರ್ ಅಂದುಕೊಂಡೀರಿ. ಐವತ್ತಕ್ಕೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು.) ತೂಬೇ ಆಗಲಿ.

೨
ಮೂರು ವರ್ಷದ ಹಿಂದೆ, ಅರವತ್ತೊಂದನೇ ಇಸವಿಯಲ್ಲಿ, ನನ್ನ ಯಜಮಾನರು ಆನಂದಪ್ಪನವರಿಗೂ (ಗಂಡನ ಹೆಸರು ಬಾಯಲ್ಲಿ ಹೇಳಬಾರದು, ನಿಜ; ಬರೆಯಬಾರದು ಅಂತ ಯಾರೂ ಹೇಳಿಲ್ಲ) ಅವರ ತಮ್ಮ ಮುನಿಶಾಮಿಗೂ ಕೆರೆನೀರಿನ ಸರದಿಗೆ ಜಗಳ. ಬರೀ ಬೈಗುಳ. ಆಮೇಲೆ ನಮ್ಮ ಕಡೆಗೆ ಯಲಹಂಕದ ಸಾಹುಕಾರನೊಬ್ಬ ದೊಣ್ಣೆ ಸಮೇತ ಹತ್ತು ಆಳು ಕಳಿಸಿದ. ಅವರ ಕಡೆಗೆ ಹೆಬ್ಬಾಳದ ಸಾಹುಕಾರ ಹದಿನೈದು. ಸಾಹುಕಾರರಿಬ್ಬರ ನಡುವೆ ಹಳೇ ಹಗೆ. ತೀರಿಸಿಕೊಳ್ಳಲು ನಮ್ಮ ಗದ್ದೆ ಸಿಕ್ಕಿತು.

(ಯಜಮಾನರು ಕಥೆಯೊಳಗಿಂದಲೇ ಕೂಗುತ್ತಾರೆ:
"ಏನೇ, ನನ್ನನ್ ಪೆದ್ದ ಮಾಡ್ಬಿಟ್ಯಲ್ಲೇ!"
"ದೊಣ್ಣೆ ಇಸ್ಕೊಂಡೋರು ನೀವೇ ಅಲ್ವಾ? ಸುಮ್ನಿರಿ.")

೩
ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಮೂರು ಹೆಣ ಬೀಳಿಸಿದ್ದೆ. ಹರಿದುಹಾಕಿದೆ. ನಡೆದದ್ದು ಹೀಗೆ: ಎರಡೂ ಕಡೆಯವರು ತೂಬಿನ ಹತ್ತಿರ ಎದುರುಬದುರು ನಿಂತಾಗ ಪೋಸ್ಟ್‌ಮನ್ ಬಂದ. ಕಾಂಗೋದಲ್ಲಿ ವಿಶ್ವಸಂಸ್ಥೆಯ ಪಡೆಗೆ ಹೋಗಿದ್ದ ನನ್ನ ತಮ್ಮ ಮುನಿಯಲ್ಲಪ್ಪನ ಕಾಗದ. ನನಗಾಗ ಓದಲು ಬಾರದು; ಎಂದಿನಂತೆ ಪೋಸ್ಟ್‌ಮನ್ನೇ ಗಟ್ಟಿಯಾಗಿ ಓದಿದ:

"ಅಕ್ಕಾ, ಇಲ್ಲಿ ಬಡಿದಾಡ್ತಿರೋರು ಅಕ್ಕಪಕ್ಕದ ಊರೋರೇ. ಬಂದೂಕು ಮಾತ್ರ ದೂರದ ದೊಡ್ಡ ದೇಶಗಳದ್ದು. ಕೊಟ್ಟೋರ ಮನೇಲಿ ಒಂದು ಮಡಕೆನೂ ಒಡೆದಿಲ್ಲ. ಬೆಂಕಿ ಪಕ್ಕದ ಸೀಮೆಗೂ ಹಬ್ತಿದೆ. ಭಾವ, ಮುನಿಶಾಮಣ್ಣ ಚೆನ್ನಾಗಿದ್ದಾರಾ?"

ಓದು ಮುಗಿದದ್ದೇ ತಡ, ತಲೆತಲಾಂತರದಿಂದ ಊರಿಗೆ ನೀರು ಹಂಚುವ ನೀರುಗಂಟಿ ಚಿಕ್ಕಮುನಿಯಪ್ಪ ತೂಬು ಮುಚ್ಚಿ, ಅದರ ಮುಂದೆಯೇ ಕೂತ.

"ಒರಗಿನೋರು ಓಗೋ ಗಂಟ ಯಾರ್ಗೂ ನೀರಿಲ್ಲ ಕಣ್ರಪ್ಪಾ. ಒಡೀಬೇಕಾ? ಮೊದ್ಲು ನನ್ನೇ ಒಡೀರಿ."

ನೀರುಗಂಟಿಯ ಮೈಮುಟ್ಟಿದವನಿಗೆ ಆ ವರ್ಷ ನೀರಿಲ್ಲ; ಊರ ಕಟ್ಟಳೆ. ಮೂರನೆಯ ದಿನ ಪೈರು ಬಾಡಿತು. ಅಣ್ಣತಮ್ಮ ತಾವೇ ಆಳುಗಳನ್ನು ವಾಪಸ್ ಅಟ್ಟಿದರು.

೪
ಮುಕ್ತಾಯ ಒಂದು: ಅಣ್ಣತಮ್ಮ ತಬ್ಬಿಕೊಂಡರು. (ಸುಳ್ಳು. ಇವತ್ತೂ ಬೈದಾಡಿದರು. ಬೈಯಲು ಇಬ್ಬರೂ ಇದ್ದಾರಲ್ಲ, ದೇವರು ದೊಡ್ಡವನು.)

ಮುಕ್ತಾಯ ಎರಡು: ಕಾಂಗೋದಲ್ಲೂ ಒಬ್ಬ ನೀರುಗಂಟಿ ಸಿಕ್ಕಿದ. (ನನಗೇನು ಗೊತ್ತು?)

ಮೂರನೆಯದು ಮುಕ್ತಾಯವೇ ಅಲ್ಲ. ಊರಲ್ಲಿ ಕಾಗದ ಬರೆದುಕೊಡುವವನು ಆ ಯಲಹಂಕದ ಸಾಹುಕಾರನ ಗುಮಾಸ್ತ. ಅವನ ಕೈಯಲ್ಲಿ "ಎಲ್ಲರೂ ಕ್ಷೇಮ" ಅಂತ ಬರೆಸಬಹುದಿತ್ತು. ಏಕೆ ಕ್ಷೇಮ ಅಂತ ಬರೆಸಿದರೆ ಅವನ ಧಣಿಯ ದೊಣ್ಣೆಯ ವಿಷಯವೂ ಬರುತ್ತಿತ್ತು; ಬರೆಸುವ ಹಾಗಿರಲಿಲ್ಲ. ಅದಕ್ಕೇ ಶಾಲೆಗೆ ಸೇರಿದ್ದು. ಇವತ್ತು ನನ್ನದೇ ಕೈಯಲ್ಲಿ ಬರೆದೆ: "ತಮ್ಮಾ, ನಿನ್ನ ಕಾಗದದಿಂದ, ಚಿಕ್ಕಮುನಿಯಪ್ಪನಿಂದ, ನಮ್ಮ ಮನೆಯ ಗಂಡಸರಿಬ್ಬರೂ ಉಳಿದರು."

"ನನ್ನ ನಮಸ್ಕಾರಾನೂ ಹಾಕೇ," ಎಂದರು ಯಜಮಾನರು. ಹಾಕಿದೆ.

ತಮ್ಮ ಈಗ ಇನ್ಯಾವುದೋ ಗಡಿಯಲ್ಲಿದ್ದಾನೆ. ಕಾಗದಕ್ಕೆ ಕೊನೆಯ ಸಾಲು ಹೊಳೆಯಲಿಲ್ಲ. ಅಂಚೆ ಡಬ್ಬಿ ತೆಗೆಯುವ ಹೊತ್ತಾಗಿತ್ತು; ಹಾಗೆಯೇ ಅಂಟಿಸಿ ಹಾಕಿಬಿಟ್ಟೆ.