ಹೊಸ ಅಳಿಯನ ಪ್ಲೇಟು

ಮದುವೆಯಾಗಿ ಐದು ವರ್ಷವಾದರೂ ನನ್ನ ತಂಗಿಯ ಗಂಡನಿಗೆ ನಮ್ಮ ಮನೆಯಲ್ಲಿ ಹೊಸ ಅಳಿಯ ಎಂದೇ ಹೆಸರು. ನನ್ನ ಗಂಡ ಮಾತ್ರ ಮದುವೆಯಾದ ಮರುದಿನವೇ ಹಳಬರಾಗಿಬಿಟ್ಟರು. ಹೊಸ ಅಳಿಯ ಬಂದರೆ ಅಪ್ಪ ಕುರ್ಚಿ ಎಳೆದುಕೊಡುತ್ತಾರೆ. ನನ್ನ ಗಂಡ ಬಂದರೆ ‘ಆ ಡಬ್ಬಿ ಇತ್ತ ಕೊಡಿ’ ಎನ್ನುತ್ತಾರೆ. ಇದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಉರಿಯುವುದಿಲ್ಲ ಎಂದು ನಾಟಕವಾಡುವ ಜಾಯಮಾನ ನನ್ನದಲ್ಲ.

ಅಪ್ಪನದು ಕಬ್ಬಿಣಕ್ಕೆ ಬಣ್ಣ ಬಳಿಯುವ ಶೆಡ್ಡು. ಟ್ಯಾಂಕು, ಪೈಪು, ತೊಲೆ, ತುಕ್ಕು ಹಿಡಿಯುವಂಥದ್ದು ಏನಾದರೂ ಸರಿ. ಬಣ್ಣ ಬೆರೆಸಿ ಹದ ಮಾಡುವುದು ನನ್ನ ಪಾಲಿನ ಕೆಲಸ. ಬಣ್ಣ ಬೀಳುವ ಮೊದಲು ಕಬ್ಬಿಣದ ಮೈ ತಯಾರು ಮಾಡುವುದು ನನ್ನ ಗಂಡನ ಕೆಲಸ. ತುಕ್ಕು ಉಜ್ಜುವ ಗ್ರೈಂಡರ್ ಹಿಡಿದರೆ ಅವರದು ಎತ್ತಿದ ಕೈ. ಆ ಗ್ರೈಂಡರೇ ಅವರ ಬಲಗೈಯ ಉಂಗುರದ ಬೆರಳನ್ನು ಅರ್ಧ ತಿಂದು ಹಾಕಿದ್ದರೂ ಅವರು ಅದರ ಮೇಲೆ ಕೋಪ ಮಾಡಿಕೊಂಡವರಲ್ಲ. ಅವರು ಉಜ್ಜಿದ ಕಬ್ಬಿಣದ ಪ್ಲೇಟಿನಲ್ಲಿ ಮುಖ ನೋಡಿಕೊಂಡು ನಾನು ತಲೆ ಬಾಚಿಕೊಂಡದ್ದೂ ಉಂಟು. ಕೆಲಸಕ್ಕೆ ಬಂದವರಿಗೆಲ್ಲ ಅವರದು ಒಂದೇ ಪಾಠ: “ಉಜ್ಜಿದ ಮೇಲೆ ಬರಿಗೈ ಇಡಬೇಡ್ರಪ್ಪ. ಬೆವರು ಬಣ್ಣದ ಕೆಳಗೆ ಕೂತ್ಕೊಂಡು ಗುಳ್ಳೆ ಎಬ್ಬಿಸುತ್ತೆ.”

ಹೊಸ ಅಳಿಯ ಬಂದವನೇ ಶೆಡ್ಡಿನ ಒಂದು ಮೂಲೆಗೆ ದಪ್ಪ ಪರದೆ ಕಟ್ಟಿ ಬ್ಲಾಸ್ಟಿಂಗ್ ಶುರು ಹಚ್ಚಿಕೊಂಡ. ಕಂಪ್ರೆಸರಿನ ಗಾಳಿಯಲ್ಲಿ ಉಕ್ಕಿನ ಸಣ್ಣ ಹರಳುಗಳು ನುಗ್ಗಿ ಬಂದು ತುಕ್ಕನ್ನು ಬೇರುಸಹಿತ ಕಿತ್ತು ಹಾಕುತ್ತವಂತೆ. ಆ ಸದ್ದಿಗೆ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. ಅಪ್ಪನಿಗೆ ಮಾತ್ರ ಅದು ಸಂಗೀತ.

ಹೀಗಿರುವಾಗ ಒಂದು ಆಸ್ಪತ್ರೆಯ ನೀರಿನ ಟ್ಯಾಂಕುಗಳಿಗೆ ಒಳಮೈ ಬಣ್ಣ ಬಳಿಯುವ ಕೆಲಸ ಬಂತು. ಸದಾ ನೀರಿನಲ್ಲೇ ಇರಬೇಕಾದ ಬಣ್ಣ. ಉಜ್ಜುವುದೋ, ಬ್ಲಾಸ್ಟ್ ಮಾಡುವುದೋ ಎಂದು ಮಾತು ಎದ್ದಾಗ ಅಪ್ಪ ಊಟದ ನಡುವೆ ಕೈ ನಿಲ್ಲಿಸಿದರು.

“ಇಬ್ಬರೂ ಒಂದೊಂದು ಪ್ಲೇಟ್ ರೆಡಿ ಮಾಡಿ. ಎರಡಕ್ಕೂ ನಾನೇ ಬಣ್ಣ ಬಳೀತೀನಿ. ವಾರ ಬಿಸಿನೀರಲ್ಲಿ ಮುಳುಗಿಸಿ ಇಡೋಣ. ಯಾರದು ತಾಳುತ್ತೋ ಅದೇ ದಾರಿ. ಇನ್ನು ಮೇಲೆ ಶೆಡ್ಡನ್ನೂ ಅವರೇ ನೋಡ್ಕೊಳ್ಳಲಿ, ಇನ್ನೊಬ್ಬರು ಅವರು ಹೇಳಿದ ಹಾಗೆ ಕೇಳಲಿ. ನನ್ನ ಮಂಡಿ ಕೈ ಕೊಟ್ಟಿದೆ.”

ಬಣ್ಣದ ಕೋಣೆಯ ಬೀಗದ ಕೈ ಅಪ್ಪನ ಸೊಂಟದಲ್ಲಿ ತೂಗುತ್ತಿತ್ತು. ನನ್ನ ಕಣ್ಣು ಅಲ್ಲಿಗೆ ಹೋಯಿತು. ತಂಗಿಯ ಕಣ್ಣೂ ಅಲ್ಲೇ ಇತ್ತು. ಅವಳು ನನ್ನನ್ನು ನೋಡಿ ಮುದ್ದಾಗಿ ನಕ್ಕಳು. ಚಿಕ್ಕಂದಿನಿಂದ ಆ ನಗುವಿಗೇ ಮನೆಯಲ್ಲಿ ಎಲ್ಲ ಸಿಕ್ಕಿರುವುದು.

ಪ್ಲೇಟು ತಯಾರು ಮಾಡುವ ದಿನ ನಾನು ಗಂಡನ ಬೆನ್ನು ಬಿಡಲಿಲ್ಲ. “ಸಾಕು ಬಿಡೇ” ಎಂದು ಅವರು ಗ್ರೈಂಡರ್ ಆರಿಸಿದರೆ, “ಇನ್ನೂ ಉಜ್ಜಿ ರೀ, ಅವನು ನೋಡಿ ಕಣ್ಣು ಮುಚ್ಕೋಬೇಕು” ಎಂದೆ. ಪಾಪ, ಮತ್ತೆ ಉಜ್ಜಿದರು. ಪ್ಲೇಟು ಕನ್ನಡಿಯಾಯಿತು.

ಅಷ್ಟರಲ್ಲಿ ಪರದೆಯ ಆಚೆ ಸದ್ದು ನಿಂತಿತು. ಹೊಸ ಅಳಿಯ, ತಂಗಿ ಇಬ್ಬರೂ ಟೀ ಕುಡಿಯಲು ಹೊರಗೆ ಹೋದರು.

“ಹೋಗಿ ನೋಡ್ಕೊಂಡು ಬನ್ನಿ, ಏನು ಕಡಿದು ಕಟ್ಟೆ ಹಾಕಿದಾನೆ ಅಂತ,” ಎಂದೆ.

“ಬೇಡ ಕಣೇ, ಚೆನ್ನಾಗಿರಲ್ಲ.”

“ಚೆನ್ನಾಗಿರಲ್ಲ, ಚೆನ್ನಾಗಿರಲ್ಲ ಅಂತಾನೇ ನೀವು ಡಬ್ಬಿ ಎತ್ತಿ ಕೊಡ್ತಾ ಉಳಿದಿದ್ದು.”

ಈ ಮಾತು ನಾಟಿತು. ಹೋದರು. ಒಂದು ಪ್ಲೇಟು ನೋಡಿ ಬರಲು ಅಷ್ಟು ಹೊತ್ತು ಬೇಕೇ ಎಂದು ನಾನು ಚಡಪಡಿಸುತ್ತಿದ್ದಾಗ, ಗ್ಲೌಸು ಏರಿಸಿಕೊಳ್ಳುತ್ತ ಬಂದರು.

“ಹೇಗಿದೆ?”

“ಇದೆ.”

“ಇದೆ ಅಂದ್ರೆ?”

“ಬೂದು ಬಣ್ಣ. ಎಲ್ಲೂ ಒಂದು ಚುಕ್ಕೆ ಇಲ್ಲ, ಒಂದೇ ಸಮ.” ಮಗಳು ಹುಟ್ಟಿದ ದಿನ ಅವಳನ್ನು ಕೈಗೆ ಕೊಟ್ಟಾಗ ಅವರಿಗಿದ್ದ ಮುಖವೇ ಈಗಲೂ ಇತ್ತು. ನನ್ನ ಮೈಯೆಲ್ಲ ಉರಿದು ಹೋಯಿತು.

ಅದೇ ಮಧ್ಯಾಹ್ನ ಅಪ್ಪ ಎರಡಕ್ಕೂ ಬಣ್ಣ ಬಳಿದರು. ಬಣ್ಣ ಗಟ್ಟಿಯಾದ ಮೇಲೆ ಎರಡೂ ಬಿಸಿನೀರಿನ ಡ್ರಮ್ಮು ಸೇರಿದವು. ಆ ವಾರವಿಡೀ ಡ್ರಮ್ಮಿನ ಪಕ್ಕ ಹಾಯುವಾಗಲೆಲ್ಲ ನಾನು ಮನಸ್ಸಿನಲ್ಲೇ ಹೊಸ ಅಳಿಯನ ಪ್ಲೇಟಿಗೆ ಶಾಪ ಹಾಕಿದೆ.

ತೆಗೆಯುವ ದಿನ ಎಲ್ಲರಿಗಿಂತ ಮುಂದೆ ಓಡಿದವಳು ನಾನೇ. ಗಂಡನ ಪ್ಲೇಟು ನೋಡಿದೆ, ಒಂದು ಗುಳ್ಳೆ ಇಲ್ಲ. ಹೊಸ ಅಳಿಯನ ಪ್ಲೇಟಿನ ಮೇಲೆ ಕೈ ಆಡಿಸಿದೆ, ನಡುಮಧ್ಯೆ ಗುಳ್ಳೆಯೋ ಗುಳ್ಳೆ! ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಾಗಿಲ ಬೆಳಕಿಗೆ ಒಯ್ದು, ಎಲ್ಲರಿಗೂ ಕಾಣಲಿ ಎಂದು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

“ನೋಡಿ ಅಪ್ಪ, ನಿಮ್ಮ ಹೊಸ ಅಳಿಯನ ಕೆಲಸ! ಕಣ್ಣು ತುಂಬ ನೋಡಿ!”

ತಂಗಿ ಪ್ಲೇಟನ್ನು ಬಿಟ್ಟು ನನ್ನ ಗಂಡನ ಬಲಗೈಯನ್ನು ನೋಡುತ್ತಿದ್ದಳು. ನಾನು ಪ್ಲೇಟು ತಿರುಗಿಸಿದೆ. ಗುಳ್ಳೆಗಳು ಕಂಡಕಂಡಲ್ಲಿ ಎದ್ದಿರಲಿಲ್ಲ. ಅಗಲವಾದ ಒಂದು ಅಂಗೈ, ಹೆಬ್ಬೆರಳು, ಉದ್ದನೆಯ ಮೂರು ಬೆರಳು. ಉಂಗುರದ ಬೆರಳು ಅರ್ಧ.

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ಅಪ್ಪ ಪ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಚಾಕು ತಂದು ಎರಡರ ಮೇಲೂ ಗೀರಿ ಅಂಚನ್ನು ಎಬ್ಬಿಸಿ ನೋಡಿದರು. ಗಂಡನ ಪ್ಲೇಟಿನ ಬಣ್ಣ ಬಾಳೆಹಣ್ಣಿನ ಸಿಪ್ಪೆಯಂತೆ ಉದ್ದಕ್ಕೆ ಸುಲಿದು ಬಂತು. “ಇಷ್ಟು ನುಣುಪಾದ್ರೆ ಬಣ್ಣ ಎಲ್ಲಿ ಕಾಲೂರಬೇಕು?” ಎಂದು ಗೊಣಗಿದರು. ಹೊಸ ಅಳಿಯನದರಲ್ಲಿ ಆ ಕೈಯ ಗುರುತೊಂದನ್ನು ಬಿಟ್ಟರೆ ಎಲ್ಲಿ ಗೀರಿದರೂ ಬಣ್ಣ ಅಲ್ಲಾಡಲಿಲ್ಲ.

ಹೊಸ ಅಳಿಯ ಈಗ ಕೂಗಾಡುತ್ತಾನೆ ಎಂದು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವನು ಮೆಲ್ಲಗೆ ಕೇಳಿದ:

“ಭಾವ, ಮುಟ್ಟಿ ನೋಡಿದ್ರಾ? ಹೇಗಿತ್ತು?”

ನನ್ನ ಗಂಡ ತಲೆ ಎತ್ತಲಿಲ್ಲ. “ಗ್ಲೌಸಲ್ಲಿ ಗೊತ್ತಾಗಲಿಲ್ಲ ಕಣಯ್ಯ. ಕೆಡಿಸಬೇಕು ಅಂತ ಅಲ್ಲ. ಹಾಗೇ ಕೈ ಹೋಯ್ತು. ಅಂಥ ಮೈ ನಾನು ಇಷ್ಟು ವರ್ಷದಲ್ಲಿ ಒಂದೂ ಮಾಡಿಲ್ಲ.”

“ಬನ್ನಿ, ಟ್ಯಾಂಕಿನದು ಇಬ್ಬರೂ ಸೇರಿ ಮಾಡೋಣ,” ಎಂದ ಅವನು.

ಅಪ್ಪ ಬೀಗದ ಕೈಯನ್ನು ಹೊಸ ಅಳಿಯನಿಗೆ ಕೊಟ್ಟರು. ಅದನ್ನು ಜೇಬಿಗೆ ಹಾಕಿಕೊಂಡು ಅವನು ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟು ಪರದೆಯ ಆಚೆ ಕರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಕಂಪ್ರೆಸರ್ ಶುರುವಾಯಿತು. ಅದು ನಿಂತು ನಿಂತು ಓಡುವ ನಡುವೆ ನನ್ನ ಗಂಡ ನಗುವುದು ಕೇಳಿಸಿತು. ನನ್ನ ಜೊತೆ ಅವರು ಹಾಗೆ ನಕ್ಕದ್ದು ಯಾವಾಗ ಎಂದು ನೆನಪಾಗಲಿಲ್ಲ.

ತಂಗಿ ಹತ್ತಿರ ಬಂದಳು. ಈ ಸಲ ನಗುತ್ತಿರಲಿಲ್ಲ.

“ಅಕ್ಕ, ಆ ಪ್ಲೇಟನ್ನ ಗುಜರಿಗೆ ಹಾಕಿಬಿಡ್ಲಾ?”

“ಇರಲಿ ಬಿಡು,” ಎಂದೆ.

ಅವಳು ಹೋದ ಮೇಲೆ ನನ್ನ ಕೈಯನ್ನು ಆ ಗುಳ್ಳೆಗಳ ಮೇಲಿಟ್ಟು ನೋಡಿದೆ. ಅವರ ಅಂಗೈಯೊಳಗೆ ನನ್ನದು ಪೂರ್ತಿ ಹಿಡಿಸಿತು. ತಾವೇ ಹೇಳಿಕೊಟ್ಟ ಪಾಠ ಮರೆತು, ಗ್ಲೌಸು ಕಳಚಿ, ಎಷ್ಟು ಹೊತ್ತು ಹೀಗೆ ನಿಂತಿದ್ದರೋ. ಆ ಕಬ್ಬಿಣದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.