ಬೆಳಗಬಾರದಿದ್ದ ಕೋಶಗಳು

ಪ್ರಯೋಗಾಲಯದ ಸಹಾಯಕಿ ರಾವ್ಯಾ, ತೊಳೆದ ಗಾಜಿನ ಬಟ್ಟಲುಗಳನ್ನು ಸದ್ದಾಗದಂತೆ ಬೋರಲು ಹಾಕುತ್ತಿದ್ದಳು. ಕಿಟಕಿಯ ಬಳಿ ಡಾಕ್ಟರ್ ಮುಶೀರಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಹಣೆಯನ್ನು ಮೇಜಿಗೆ ಆನಿಸಿ ಕೂತಿದ್ದರು. ಬೆಳಗ್ಗೆ ತಂದ, ಬೇಯಿಸಿದ ಕಾಳಿನ ಫೂಲ್ ತುಂಬಿದ ರೊಟ್ಟಿ ಕಾಗದದಲ್ಲೇ ಒಣಗಿತ್ತು.

ತಾಂತಾ ನಗರದ ಈ ಪ್ರಯೋಗಾಲಯದಲ್ಲಿ ಮುಶೀರಾ ಇಲಿಯ ಲಿವರ್ ಕೋಶಗಳನ್ನು ನೋಡುತ್ತಲೇ ವರ್ಷಗಳನ್ನು ಕಳೆದಿದ್ದರು. ಅವರ ತಂದೆ ತೀರಿಕೊಂಡದ್ದೂ ಲಿವರ್ ಕೆಟ್ಟೇ. ಒಮ್ಮೆ ಚಹಾ ಕುಡಿಯುತ್ತ ರಾವ್ಯಾಳಿಗೆ ಬಿಡಿಸಿ ಹೇಳಿದ್ದರು: ಕೋಶದೊಳಕ್ಕೆ ಕ್ಯಾಲ್ಸಿಯಂ ಸದಾ ಜಿನುಗುತ್ತಿರುತ್ತದೆ, ಪುಟ್ಟ ಪಂಪುಗಳು ಅದನ್ನು ಹೊರಗೆ ಎತ್ತಿ ಹಾಕುತ್ತಿರುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವಂಥ ರಾಸಾಯನಿಕ ತಾಕಿದರೆ ಪಂಪು ಕೆಡುತ್ತದೆ, ಕ್ಯಾಲ್ಸಿಯಂ ತುಂಬಿ ಕೋಶ ಸಾಯುತ್ತದೆ. ಕ್ಯಾಲ್ಸಿಯಂ ಸೇರಿದರೆ ಹೊಳೆಯುವ ಬಣ್ಣ ಹಾಕಿಟ್ಟರೆ ಅಂಥ ಕೋಶ ಬೆಳಗುತ್ತದೆ. ಏನೂ ತಾಕಿಸದ ಕೋಶ ಮಂಕಾಗಿಯೇ ಇರಬೇಕು.

ಈ ವಾರ ಏನೂ ತಾಕಿಸದವೂ ಬೆಳಗಿದ್ದವು, ಮತ್ತೆ ಮತ್ತೆ. ವಿಭಾಗದ ಮುಖ್ಯಸ್ಥ ಪ್ರೊಫೆಸರ್ ವಗ್ದಿ ಬಂದು ನೋಡಿ, ಇನ್ನು ಹಳೆಯ ಫಲಿತಾಂಶಗಳನ್ನೂ ನಂಬುವ ಹಾಗಿಲ್ಲ, ಮಧ್ಯಾಹ್ನದ ಸಭೆಯಲ್ಲಿ ಈ ಸಂಶೋಧನೆ ನಿಲ್ಲಿಸಲು ಹೇಳುತ್ತೇನೆ ಎಂದು ಹೋಗಿದ್ದರು.

"ಕ್ಲೋರಿನ್ ಕುಡಿಸಿದ ಹಾಗೆ ಆಡ್ತಿವೆ ಇವು" ಎಂದರು ಈಗ, ತಲೆಯೆತ್ತದೆ.

ರಾವ್ಯಾಳ ಕೈ ನಿಂತಿತು. ರಮದಾನ್ ಹತ್ತಿರ ಬಂದರೆ ಅವಳ ಓಣಿಯ ಹೆಂಗಸರು ಮೆಟ್ಟಿಲು, ಗೋಡೆ, ಪಾತ್ರೆ ಎಲ್ಲಕ್ಕೂ ಕ್ಲೋರಿನ್ ನೀರು ಸುರಿದು ಉಜ್ಜುತ್ತಾರೆ. ಆ ವಾಸನೆ ಹೊಡೆಯದಿದ್ದರೆ ಮನೆ ಸ್ವಚ್ಛವಾಯಿತೆಂದು ಯಾರೂ ಒಪ್ಪುವುದಿಲ್ಲ. ಹೋದ ವಾರ ಅವಳು ಇಲ್ಲಿಯ ಗಾಜನ್ನೂ ಹಾಗೆಯೇ ನೆನೆಹಾಕಿದ್ದಳು. ನಲ್ಲಿ ಸಣ್ಣಗೆ ಬರುತ್ತಿತ್ತು, ಜಾಲಿಸಿದ್ದು ಅರೆಬರೆ.

"ಡಾಕ್ಟ್ರೇ, ಕುಡಿಸಿದ್ದು ನಾನೇ" ಎಂದು ಎಲ್ಲವನ್ನೂ ಹೇಳಿದಳು.

ಮುಶೀರಾ ಎದ್ದು ಬಂದು ಒಂದು ಬಟ್ಟಲನ್ನು ಮೂಸಿದರು. "ಇದೇನು ನಿಮ್ಮಮ್ಮನ ಅಡುಗೆಮನೆ ಅಂದ್ಕೊಂಡ್ಯೇನೇ?" ಸಿಟ್ಟು ಮಾಡುವಷ್ಟು ತ್ರಾಣವೂ ಆ ದನಿಯಲ್ಲಿರಲಿಲ್ಲ.

ಪ್ರೊಫೆಸರರಿಗೆ ನಾನೇ ಹೇಳುತ್ತೇನೆ, ಬೈದರೆ ಬೈಯಲಿ ಎಂದಳು ರಾವ್ಯಾ.

"ಹೇಳ್ಬಹುದು. ಹೇಳಿದ್ಮೇಲೆ ಮತ್ತೆ ಇಲಿ, ಮತ್ತೆ ಕೋಶ, ಮತ್ತೆ ಮೊದಲಿಂದ. ನನ್ ಕೈಲಾಗಲ್ಲ ಕಣೇ." ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಹೊರಗೆ ಪ್ರೊಫೆಸರರ ಕೋಣೆಗೆ ಬೀಗ ಹಾಕಿದ ಸದ್ದು, ಸಭೆಯ ಕಡೆ ಹೋಗುವ ಹೆಜ್ಜೆಗಳು ಕೇಳಿಸಿದವು.

ರಾವ್ಯಾ ಬಾಗಿಲನ್ನು ನೋಡಿದಳು, ಮುಶೀರಾರನ್ನು ನೋಡಿದಳು. ತಾನು ಓಡಿ ಹೋಗಿ ಹೇಳಿದರೂ ಪ್ರಯೋಗವನ್ನು ಮತ್ತೆ ಮಾಡಬೇಕಾದವರು ಇವರೇ.

"ಇನ್ನೊಂದ್ಸಲ ಮಾಡಿ ಡಾಕ್ಟ್ರೇ" ಎಂದಳು. ಬಟ್ಟಲುಗಳನ್ನು ನಲ್ಲಿಯ ಕೆಳಗೆ ಮತ್ತೆ ಜಾಲಿಸುತ್ತ ಅದನ್ನೇ ಹೇಳಿದಳು. "ಒಂದೇ ಒಂದ್ಸಲ ಮಾಡಿ."